ಚಾಕಿ ಮನೆಯ ಸೆಟ್ಟಿಂಗ್ ಓದಲಾಗದ ವಾರ

ಸೋಮವಾರ ಬೆಳಿಗ್ಗೆ ಕೋಲಾರದ ನಮ್ಮ ಆಫೀಸಿನ ಬಾಗಿಲು ತೆಗೆದು ಚಪ್ಪಲಿ ಬಿಡುವಷ್ಟರಲ್ಲಿ ಫೋನ್ ಬಂತು. ಶ್ರೀನಿವಾಸಪುರದ ಕಡೆಯ ಚಾಕಿ ಕೇಂದ್ರದ ಯಜಮಾನಿ.

"ಮೇಡಂ, ನಿಮ್ಮ ಕಂಪ್ಯೂಟರ್ ಹಸಿರು ತೋರಿಸ್ತೈತೆ. ನನ್ನ ತಟ್ಟೆಯಲ್ಲಿ ಸೊಪ್ಪು ಬಾಡ್ತೈತೆ. ಯಾವ್ದನ್ನ ನಂಬ್ಲಿ?"

ಚಾಕಿ ಕೇಂದ್ರವೆಂದರೆ ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಮೊದಲ ಒಂದು ವಾರ ಸಾಕುವ ಜಾಗ. ತಟ್ಟೆಯಲ್ಲಿ ಹಿಪ್ಪುನೇರಳೆ ಸೊಪ್ಪು ತಿನ್ನುವ, ಸಾಸಿವೆ ಕಾಳಿಗಿಂತ ಸಣ್ಣ ಹುಳುಗಳು. ಎರಡು ಸಲ ಪೊರೆ ಬಿಟ್ಟ ಮೇಲೆ ಅವನ್ನು ರೈತರು ತಮ್ಮ ಹುಳು ಮನೆಗೆ ಒಯ್ಯುತ್ತಾರೆ. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಒಂದು ವಾರ ಕೋಣೆ ಬೆಚ್ಚಗೆ, ಒದ್ದೆಯೊದ್ದೆಯಾಗಿರಬೇಕು. ಇಪ್ಪತ್ತೇಳು ಡಿಗ್ರಿ, ತೇವ ಎಂಬತ್ತೈದರ ಮೇಲೆ. ಅದನ್ನು ಕಾಯುವ ಯಂತ್ರವನ್ನು ನಮ್ಮ ನಾಲ್ಕು ಜನರ ಸಂಸ್ಥೆ ಮಾಡುತ್ತದೆ. ಯಂತ್ರಕ್ಕೆ ಬುದ್ಧಿ ಹೇಳುವ ಸಾಫ್ಟ್‌ವೇರ್ ಬರೆದವಳು ನಾನು. ಕೆಟ್ಟರೆ ಬೈಸಿಕೊಳ್ಳುವವಳೂ ನಾನೇ.

"ಗೋಡೆ ಮೇಲೆ ಹಳೇ ಮೀಟರ್ ಇದೆಯಲ್ಲಕ್ಕ, ಅದೇನು ತೋರಿಸ್ತಿದೆ?" ಎಂದು ಕೇಳಿದೆ.

"ತೇವ ಎಪ್ಪತ್ತು ಅಂತೈತೆ."

"ಅದು ಹಳೇದು. ನಂಬಬೇಡಿ. ನಾನು ಇಲ್ಲಿಂದ್ಲೇ ನೋಡ್ತೀನಿ."

ಈ ಮಾತನ್ನು ಅಷ್ಟು ಸಲೀಸಾಗಿ ಹೇಳಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಫೀಸಿನಿಂದಲೇ ಅವರ ಕಂಪ್ಯೂಟರಿಗೆ ಸಂಪರ್ಕ ಹಾಕಿ ನನ್ನ ಹೆಸರಿನಲ್ಲಿ ಒಳಹೋದೆ. ಪ್ರೋಗ್ರಾಂ ಶುರು ಮಾಡಿದೆ. ಎಲ್ಲ ಸರಿಯಾಗಿತ್ತು. ತೇವ ಕಡಿಮೆಯಿದೆ ಎಂದು ಅದೇ ಗುರುತಿಸಿತು, ಮಂಜು ಉಗುಳುವ ಯಂತ್ರವನ್ನು ಅದೇ ಚಾಲೂ ಮಾಡಿತು. ಅರ್ಧ ಗಂಟೆಯಲ್ಲಿ ಎಂಬತ್ತೈದು ದಾಟಿತು. ಸೆನ್ಸರ್ ಮೇಲೆ ಧೂಳು ಕೂತಿರಬೇಕು, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕೇಂದ್ರದ ಹೆಸರಿನಲ್ಲೇ ಹಾಕಿಕೊಳ್ಳಿ ಎಂದು ಹೇಳಿ ಫೋನ್ ಇಟ್ಟೆ.

ಮಂಗಳವಾರ ಬೆಳಿಗ್ಗೆ ಅದೇ ಫೋನ್, ಅದೇ ಮಾತು. ಮತ್ತೆ ಒಳಹೋದೆ, ಮತ್ತೆ ಎಲ್ಲ ಸರಿ. ಮಧ್ಯಾಹ್ನ ನಮ್ಮ ಸಂಸ್ಥೆಯ ಮಾಲೀಕರು ನನ್ನ ಮೇಜಿನ ಹತ್ತಿರ ಬಂದು, "ಏನಮ್ಮ, ಆ ಯಮ್ಮನಿಗೆ ಕಂಪ್ಯೂಟರ್ ಮೇಲೆ ನಂಬಿಕೆ ಇಲ್ಲ ಅಷ್ಟೇ. ಹಳೇ ಕಾಲದೋರು," ಎಂದರು. ನನಗೂ ಹಾಗೇ ಅನ್ನಿಸಿತ್ತು.

ಬುಧವಾರ ಯಜಮಾನಿ ವಾದ ಮಾಡಲಿಲ್ಲ. "ಹುಳು ಮೊದಲ್ನೇ ಜ್ವರಕ್ಕೆ ಕೂತವೆ. ಅರ್ಧ ಕೂತವೆ, ಅರ್ಧ ಇನ್ನೂ ಸೊಪ್ಪು ತಿಂತಾ ಅವೆ. ಇಪ್ಪತ್ತು ವರ್ಷದಲ್ಲಿ ನಾನು ಹಿಂಗೆ ನೋಡಿಲ್ಲ. ನೀವು ಬರ್ತೀರೋ ಇಲ್ಲೋ ಅಷ್ಟು ಹೇಳಿ," ಎಂದರು.

ಎಲ್ಲ ಹುಳು ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಏಳಬೇಕು. ಹಿಂದೆ ಮುಂದೆ ಆದರೆ ಮುಂದೆ ರೈತನ ಮನೆಯಲ್ಲಿ ಗೂಡು ಕಟ್ಟುವವರೆಗೂ ಆ ಹುಳುಗಳು ಸಮಕ್ಕೆ ಬರುವುದಿಲ್ಲ. ನಾನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಶ್ರೀನಿವಾಸಪುರದ ಬಸ್ ಹತ್ತಿದೆ.

ಕೇಂದ್ರದ ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಕೈಗೆ ಔಷಧಿ ನೀರು ಹಾಕಿಸಿಕೊಂಡು ಒಳಗೆ ಕಾಲಿಟ್ಟ ಕೂಡಲೇ ನನಗೆ ಗೊತ್ತಾಯಿತು. ಚಾಕಿ ಕೋಣೆಗೆ ಹೋದರೆ ಕನ್ನಡಕದ ಮೇಲೆ ಮಂಜು ಕೂರಬೇಕು. ನನ್ನ ಕನ್ನಡಕ ಸ್ವಚ್ಛವಾಗಿತ್ತು. ಮೂಲೆಯಲ್ಲಿ ಕಂಪ್ಯೂಟರ್ ಪರದೆ ಪೂರಾ ಹಸಿರಾಗಿ, ದಪ್ಪ ಅಕ್ಷರದಲ್ಲಿ "ಸರಿ ಇದೆ" ಎನ್ನುತ್ತಿತ್ತು. ಅಂಕಿಗಳು ಜನರನ್ನು ಗೊಂದಲ ಮಾಡುತ್ತವೆಂದು ಅವನ್ನು ಒಂದು ಮೂಲೆಗೆ ಸಣ್ಣದಾಗಿ ತಳ್ಳಿ, ಬಣ್ಣ ಮತ್ತು ಎರಡು ಪದ ಮಾತ್ರ ಕಾಣುವ ಹಾಗೆ ಮಾಡಿದವಳು ನಾನು. ಅದನ್ನು ಮಾಡಿದಾಗ ಹೆಮ್ಮೆಯಾಗಿತ್ತು.

ಯಜಮಾನಿ ಮತ್ತು ಕೆಲಸದವರು ಸ್ಪಂಜಿನ ಪಟ್ಟಿಗಳನ್ನು ನೀರಿನಲ್ಲಿ ಅದ್ದಿ ತಟ್ಟೆಗಳ ಸುತ್ತ ಇಡುತ್ತಿದ್ದರು, ಮೇಲೆ ಮೇಣದ ಕಾಗದ ಹೊದಿಸುತ್ತಿದ್ದರು. ಯಂತ್ರವೇ ಇಲ್ಲದಿದ್ದ ಕಾಲದ ಕೆಲಸ. ನನ್ನ ಕಡೆ ಯಾರೂ ನೋಡಲಿಲ್ಲ.

ಪ್ರೋಗ್ರಾಂ ತನ್ನ ದಿನಚರಿಯನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಅದನ್ನು ತೆರೆದೆ. ಸೋಮವಾರ, ಮಂಗಳವಾರ ನಾನು ಒಳಬಂದಿದ್ದ ಹೊತ್ತಿನ ಸಾಲುಗಳಿದ್ದವು. ಮಿಕ್ಕಂತೆ ಹೋದ ವಾರದಿಂದ ಒಂದು ಅಕ್ಷರವಿಲ್ಲ. ನಾನಿದ್ದಾಗ ಬರೆಯುತ್ತದೆ, ನಾನಿಲ್ಲದಾಗ ಮೌನ.

"ಬೆಳಿಗ್ಗೆ ಇದನ್ನ ಯಾರು ಆನ್ ಮಾಡೋದು?" ಎಂದೆ.

ಯಜಮಾನಿ ಕೆಲಸದಾಕೆಯೊಬ್ಬರನ್ನು ಕರೆದರು. ಐವತ್ತರ ಹತ್ತಿರದ ಹೆಂಗಸು, ಗಡಿಯ ಆಚೆ ಆಂಧ್ರದಿಂದ ಮದುವೆಯಾಗಿ ಬಂದವರು. ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು.

"ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರಿಸಿ ಅಮ್ಮ. ನಾನು ಸುಮ್ನೆ ನೋಡ್ತೀನಿ."

ಕಂಪ್ಯೂಟರ್ ಆರಿಸಿ ಹಾಕಿದರು. ಕೇಂದ್ರದ ಹೆಸರಿನಲ್ಲಿ ಒಳಹೋದರು. ಪ್ರೋಗ್ರಾಂ ಒತ್ತಿದರು. ಪರದೆಯ ಮೇಲೆ ಏನೋ ಬೆಳ್ಳಗೆ ಮಿಂಚಿತು. ಅಷ್ಟರಲ್ಲಿ ಅವರ ಬೆರಳು ಎಂಟರ್ ಒತ್ತಿಯಾಗಿತ್ತು. ಹಸಿರು ಬಂತು.

"ಅದೇನದು ಮಧ್ಯದಲ್ಲಿ ಬಂದಿದ್ದು?"

"ಏಮೀ ಲೇದಮ್ಮಾ. ಏನೂ ಇಲ್ಲ."

"ಇನ್ನೊಂದು ಸಲ ಮಾಡಿ. ಅದು ಬಂದಾಗ ಕೈ ತೆಗೆದುಬಿಡಿ."

ಎರಡನೇ ಸಲವೂ ಬೆರಳು ತಾನಾಗಿಯೇ ಹೋಯಿತು. ಮೂರನೇ ಸಲ ನಾನೇ ಅವರ ಕೈ ಹಿಡಿದುಕೊಂಡೆ. ಪರದೆಯ ನಡುವೆ ಚಿಕ್ಕ ಡಬ್ಬಿ, ಇಂಗ್ಲಿಷಿನಲ್ಲಿ ಎರಡು ಪದ: ಆ್ಯಕ್ಸೆಸ್ ಡಿನೈಡ್. ಕೆಳಗೆ ಓಕೆ.

"ಇದು ಎಷ್ಟು ದಿನದಿಂದ ಬರ್ತಿದೆ?"

ಆಕೆ ಯಜಮಾನಿಯ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ನಿಧಾನವಾಗಿ ಹೊರಬಂತು. ಹೋದ ತಿಂಗಳು ಆಕೆ ಮಗಳ ಸೀಮಂತದ ಫೋಟೋಗಳ ಪೆನ್‌ಡ್ರೈವನ್ನು ಈ ಕಂಪ್ಯೂಟರಿಗೆ ಹಾಕಿದ್ದರು. ಅದರಲ್ಲಿ ವೈರಸ್ ಇತ್ತು. ರೈತರ ಸರದಿ ಪಟ್ಟಿಯೆಲ್ಲ ಹಾಳಾಗಿ, ಮೂರು ದಿನ ಕೂತು ಕೈಯಲ್ಲಿ ಬರೆಯಬೇಕಾಯಿತು. ಈ ಕೇಂದ್ರ ಬೆಳೆಗಾರರ ಒಂದು ಸಂಘಕ್ಕೆ ಸೇರಿದ್ದು, ಯಜಮಾನಿ ಅದನ್ನು ನಡೆಸುವವರು. ಸಂಘದ ಕಂಪ್ಯೂಟರ್ ನೋಡಿಕೊಳ್ಳುವವರು ಹೋದ ವಾರ ಮುಳಬಾಗಿಲಿನಿಂದ ಬಂದು ಎಲ್ಲರ ಮುಂದೆ ಆಕೆಗೆ, ಇನ್ನು ಮೇಲೆ ಯಾರಿಗೂ ಪರ್ಮಿಷನ್ ಇಲ್ಲ, ಎಲ್ಲಾ ನಿಮ್ಮಿಂದಾನೇ ಎಂದು ಹೇಳಿಹೋಗಿದ್ದರು. ಮಾರನೇ ದಿನದಿಂದ ಈ ಡಬ್ಬಿ. ಏನು ಬರೆದಿದೆ ಎಂದು ಅವರಿವರನ್ನು ಕೇಳಿದಾಗ, ಪರ್ಮಿಷನ್ ಇಲ್ಲ ಅಂತ ಬರೆದಿದೆ ಎಂದು ಯಾರೋ ಹೇಳಿದ್ದರು.

"ನಂಗೇ ಹೇಳ್ತೈತೆ ಅಂತ ಅನ್ಕೊಂಡೆ. ಅಮ್ಮ ನೋಡಿದ್ರೆ ಮತ್ತೆ ಬೈಸ್ಕೋಬೇಕು ಅಂತ ಬಿರ್ರನೆ ಒತ್ತಿಬಿಡ್ತಿದ್ದೆ," ಎಂದರು.

ಯಜಮಾನಿ ಬೈಯಲು ಬಾಯಿ ತೆರೆದವರು, ಒದ್ದೆ ಸ್ಪಂಜು ಎತ್ತಿಕೊಂಡು ತಟ್ಟೆಗಳ ಕಡೆ ಹೋದರು.

ಒಂದು ಗಂಟೆಯಲ್ಲಿ ಮಿಕ್ಕದ್ದು ಬಿಚ್ಚಿಕೊಂಡಿತು. ಕೋಣೆಗೆ ಎಷ್ಟು ಶಾಖ, ಎಷ್ಟು ತೇವ ಎಂಬ ಸೆಟ್ಟಿಂಗುಗಳನ್ನು ನಮ್ಮ ಪ್ರೋಗ್ರಾಂ ಕಂಪ್ಯೂಟರಿನ ಸಿಸ್ಟಂ ಜಾಗದಲ್ಲಿ, ರಿಜಿಸ್ಟ್ರಿ ಎನ್ನುತ್ತಾರೆ, ಅಲ್ಲಿ ಇಟ್ಟಿರುತ್ತದೆ. ಪ್ರತಿ ಸಲ ಶುರುವಾದಾಗ ಓದುತ್ತದೆ. ಅಧಿಕಾರ ಕಿತ್ತುಕೊಂಡ ಮೇಲೆ ಕೇಂದ್ರದ ಲಾಗಿನ್‌ನಲ್ಲಿ ಆ ಜಾಗ ತೆರೆಯುತ್ತಿರಲಿಲ್ಲ. ದಿನಚರಿ ಫೈಲಿಗೂ ಬರೆಯಲಾಗುತ್ತಿರಲಿಲ್ಲ. ಆ ಡಬ್ಬಿ ಅದಕ್ಕಾಗಿ ಬರುತ್ತಿದ್ದದ್ದು. ಸೆಟ್ಟಿಂಗ್ ಓದಲಾಗದ ವಿಷಯವನ್ನು ಮಾತ್ರ ಪ್ರೋಗ್ರಾಂ ಯಾರಿಗೂ ಹೇಳುತ್ತಿರಲಿಲ್ಲ. ಏಕೆಂದರೆ ಐದಾರು ವರ್ಷದ ಹಿಂದೆ ನಾನು ಅದಕ್ಕೆ ಒಂದು ಸಾಲು ಬರೆದಿದ್ದೆ: ಓದಲಾಗದಿದ್ದರೆ ಕಾರಣ ಏನೇ ಇರಲಿ, ಮೊದಲೇ ಬರೆದಿಟ್ಟ ಅಂಕಿಗಳನ್ನು ಹಿಡಿದು ಮುಂದೆ ಹೋಗು. ಆ ಅಂಕಿಗಳು ದೊಡ್ಡ ಹುಳು ಸಾಕುವ ಶೆಡ್ಡಿನವು. ಇಪ್ಪತ್ತನಾಲ್ಕು ಡಿಗ್ರಿ, ಎಪ್ಪತ್ತು ತೇವ.

ಅಂದರೆ ಗೋಡೆಯ ಹಳೇ ಮೀಟರ್ ಸರಿಯಾಗಿತ್ತು. ಯಜಮಾನಿ ಸರಿಯಾಗಿದ್ದರು. ಸೊಪ್ಪು ಸರಿಯಾಗಿತ್ತು. ನನ್ನ ಲಾಗಿನ್‌ಗೆ ಎಲ್ಲ ಅಧಿಕಾರ ಇದ್ದದ್ದರಿಂದ, ನಾನು ಬಂದು ನೋಡಿದಾಗೆಲ್ಲ ತಪ್ಪು ಮಾಯವಾಗುತ್ತಿತ್ತು.

ಮುಳಬಾಗಿಲಿನ ಕಂಪ್ಯೂಟರಿನವರಿಗೆ ಫೋನ್ ಮಾಡಿದೆ. ಕೇಂದ್ರದ ಲಾಗಿನ್‌ಗೆ ಪೂರ್ತಿ ಅಧಿಕಾರ ವಾಪಸ್ ಕೊಡಿ ಎಂದೆ.

"ಆಗಲ್ಲ ಮೇಡಂ. ಪಾಲಿಸಿ."

"ಹುಳು ಸಾಯ್ತವೆ ಸರ್."

"ವೈರಸ್ ಬಂದ್ರೆ ನನ್ನ ಕೆಲ್ಸ ಹೋಗ್ತದೆ ಮೇಡಂ."

ಮಾಲೀಕರಿಂದ ಹೇಳಿಸಿದೆ, ಯಜಮಾನಿಯಿಂದ ಹೇಳಿಸಿದೆ. ಸಂಜೆ ನಾಲ್ಕಕ್ಕೆ ಒಪ್ಪಿಕೊಂಡು ಅಲ್ಲಿಂದಲೇ ಅಧಿಕಾರ ಕೊಟ್ಟರು. ಮಂಜಿನ ಯಂತ್ರ ಶುರುವಾಯಿತು. ನನ್ನ ಕನ್ನಡಕ ಮಸುಕಾಯಿತು. ಕೆಲಸದಾಕೆ ಕೊಟ್ಟ ಕಾಫಿ ಕುಡಿದು ಕೋಲಾರಕ್ಕೆ ಬಸ್ ಹತ್ತಿದೆ.

ಗುರುವಾರ ಬೆಳಿಗ್ಗೆ ಯಜಮಾನಿಯ ಧ್ವನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ. "ಮತ್ತೆ ಒಣಗೈತೆ ಮೇಡಂ."

ಮುಳಬಾಗಿಲಿನ ಸರ್ವರ್ ದಿನಾ ಬೆಳಿಗ್ಗೆ ಎಲ್ಲ ಕಂಪ್ಯೂಟರಿಗೂ ಅದೇ ಕಟ್ಟುಪಾಡನ್ನು ಹೊಸದಾಗಿ ಹೇರುತ್ತಿತ್ತು. ಹಿಂದಿನ ಸಂಜೆ ಕೊಟ್ಟ ಅಧಿಕಾರವನ್ನು ಬೆಳಿಗ್ಗೆ ಅದು ಕಿತ್ತುಕೊಂಡಿತ್ತು. ಕೊಟ್ಟವರಿಗೇ ಅದು ಮರೆತುಹೋಗಿತ್ತು. ಫೋನಿನಲ್ಲಿ ಬೈದಾಡುವ ಶಕ್ತಿ ನನಗಿರಲಿಲ್ಲ. ಸಂಪರ್ಕ ಹಾಕಿ ನನ್ನ ಹೆಸರಿನಲ್ಲಿ ಪ್ರೋಗ್ರಾಂ ಶುರು ಮಾಡಿ, ಕಂಪ್ಯೂಟರನ್ನು ಯಾರೂ ಆರಿಸಬೇಡಿ ಎಂದು ಹೇಳಿ, ಮುಳಬಾಗಿಲಿಗೆ ಹೊರಟೆ.

ಕಂಪ್ಯೂಟರಿನವರು ನಾನಂದುಕೊಂಡಂತೆ ಇರಲಿಲ್ಲ. ನಲವತ್ತು ದಾಟಿದ, ಸದಾ ನಿದ್ದೆ ಸಾಲದವರಂತೆ ಕಾಣುವ ಮನುಷ್ಯ. ಮುಳಬಾಗಿಲು, ಶ್ರೀನಿವಾಸಪುರ, ಟೇಕಲ್, ಮೂರು ಕೇಂದ್ರಕ್ಕೂ ಒಬ್ಬರೇ. ಪುಣ್ಯಕ್ಕೆ ಆ ವಾರ ಹುಳು ಇದ್ದದ್ದು ಶ್ರೀನಿವಾಸಪುರದಲ್ಲಿ ಮಾತ್ರ. ನನ್ನನ್ನು ಕೂರಿಸಿ ಮಾಲೀಕರಿಗೆ ಸ್ಪೀಕರಿನಲ್ಲಿ ಫೋನ್ ಹಾಕಿದರು.

"ಸಾಕಾಯ್ತು ಸರ್. ಮೂರು ಕಡೆನೂ ಎಲ್ಲರಿಗೂ ಪೂರ್ತಿ ಅಧಿಕಾರ ಕೊಟ್ಟುಬಿಡ್ತೀನಿ. ಮುಂದೆ ಏನಾದ್ರೂ ಆದ್ರೆ ನೀವು ಜವಾಬ್ದಾರಿ ಅಂತ ಬರೆದುಕೊಡಿ."

"ಬರೆದುಕೊಡೋಣ. ಅಮ್ಮಾ, ಬರೆದುಕೊಟ್ಟು ಬಾ, ಮುಗೀಲಿ," ಎಂದರು ಮಾಲೀಕರು.

ನಾನು ಪೆನ್ನು ತೆಗೆದುಕೊಂಡೆ. ಅಷ್ಟರಲ್ಲಿ ಕಂಪ್ಯೂಟರಿನವರು, ಜಗಳದ ದನಿಯಲ್ಲಲ್ಲ, ನಿಜವಾಗಿ ತಿಳಿಯುವುದಕ್ಕೆಂಬಂತೆ ಕೇಳಿದರು: "ಒಂದು ಮಾತು ಮೇಡಂ. ನಿಮ್ಮ ಸಾಫ್ಟ್‌ವೇರ್‌ಗೆ ನಿಜವಾಗ್ಲೂ ಏನೇನು ಬೇಕು? ಅಷ್ಟು ಮಾತ್ರ ಬಿಟ್ರೆ ಆಗಲ್ವಾ? ಒಂದು ಪಟ್ಟಿ ಇದ್ರೆ ಕೊಡಿ."

ಪಟ್ಟಿ ಇರಲಿಲ್ಲ. ಬರೆದ ನನಗೇ ಗೊತ್ತಿರಲಿಲ್ಲ. ಸೆಟ್ಟಿಂಗ್ ಓದುವುದಷ್ಟೇ ಕೆಲಸ, ಅದಕ್ಕೆ ಇಡೀ ಕಂಪ್ಯೂಟರಿನ ಯಜಮಾನಿಕೆ ಏಕೆ ಬೇಕು ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಸಹಿ ಹಾಕಿದರೆ ಹತ್ತು ನಿಮಿಷದಲ್ಲಿ ಮನೆಗೆ ಹೋಗಬಹುದಿತ್ತು. ಆಮೇಲೆ ಇನ್ನೊಂದು ಪೆನ್‌ಡ್ರೈವ್, ಇನ್ನೊಂದು ವೈರಸ್, ಎಲ್ಲರ ಮುಂದೆ ಮತ್ತೆ ಅದೇ ಹೆಂಗಸಿಗೆ ಬೈಗುಳ.

"ಸರ್, ಬರೆದುಕೊಡಲ್ಲ," ಎಂದೆ ಫೋನಿಗೆ. "ಎರಡು ದಿನ ಕೊಡಿ. ನಮ್ಮ ಪ್ರೋಗ್ರಾಮನ್ನೇ ತಿದ್ದುತೀನಿ."

"ಹುಳು ಎರಡು ದಿನ ಕಾಯ್ತವಾ?"

"ಅಲ್ಲೀವರೆಗೂ ಕಂಪ್ಯೂಟರ್ ಆರಿಸಲ್ಲ, ನನ್ನ ಲಾಗಿನ್‌ನಲ್ಲೇ ಓಡ್ಲಿ. ಕರೆಂಟ್ ಹೋದ್ರೆ ಸ್ಪಂಜಿದೆ."

ಮಾಲೀಕರು ಏನೋ ಗೊಣಗಿ ಫೋನ್ ಇಟ್ಟರು.

ಗುರುವಾರ ಮಧ್ಯಾಹ್ನದಿಂದ ಶುಕ್ರವಾರ ಸಂಜೆಯವರೆಗೆ ನನ್ನದೇ ಬರಹವನ್ನು ಓದುತ್ತಾ ಕೂತೆ. ಓದಿದಂತೆಲ್ಲ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹನ್ನೊಂದು ಜಾಗದಲ್ಲಿ ಸಿಸ್ಟಂ ಸೆಟ್ಟಿಂಗ್ ಓದುತ್ತಿದ್ದೆ. ಹನ್ನೊಂದು ಕಡೆಯೂ ಓದಲು, ಬರೆಯಲು, ಅಳಿಸಲು ಎಲ್ಲಕ್ಕೂ ಒಟ್ಟಿಗೆ ಅನುಮತಿ ಕೇಳುತ್ತಿದ್ದೆ. ಓದಲು ಮಾತ್ರ ಕೇಳಿದ್ದರೆ ಒಂಬತ್ತು ಕಡೆ ಸಾಮಾನ್ಯ ಲಾಗಿನ್‌ಗೂ ಸಿಗುತ್ತಿತ್ತು. ಎಲ್ಲವನ್ನೂ ಕೇಳಿದ್ದಕ್ಕೆ ಎಲ್ಲದಕ್ಕೂ ಇಲ್ಲ ಎನ್ನಿಸಿಕೊಂಡಿದ್ದೆ. ಮೊದಲ ಸಲ ಯಾವುದೋ ಉದಾಹರಣೆಯಿಂದ ನಕಲು ಮಾಡಿದ್ದ ಸಾಲು, ಆಮೇಲೆ ನನ್ನಿಂದ ನಾನೇ ನಕಲು ಮಾಡಿದ್ದು.

ಅವನ್ನು ತಿದ್ದಿದೆ. ಉಳಿದ ಎರಡರಲ್ಲಿ ಒಂದು ಬೇಕಾಗಿಯೇ ಇರಲಿಲ್ಲ, ತೆಗೆದೆ. ಇನ್ನೊಂದು ಸೆನ್ಸರಿನ ಅಳತೆಯ ಹೆಚ್ಚುಕಡಿಮೆ ಸರಿಪಡಿಸುವ ಅಂಕಿ. ಯಾರೂ ಬದಲಿಸದಿರಲೆಂದು, ಪ್ರೋಗ್ರಾಂ ಹಾಕುವಾಗಲೇ ನಾನು ಅದಕ್ಕೆ ಬೀಗ ಜಡಿದಿದ್ದೆ. ಅದೊಂದಕ್ಕೆ ಓದುವ ಅನುಮತಿ ಬೇಕೆಂದು ಮುಳಬಾಗಿಲಿಗೆ ಬರೆದು ಕಳಿಸಿದೆ. ದಿನಚರಿ ಫೈಲನ್ನು ಎಲ್ಲರೂ ಬರೆಯಬಹುದಾದ ಜಾಗಕ್ಕೆ ಸರಿಸಿದೆ. ಕಂಪ್ಯೂಟರಿನವರು ಅರ್ಧ ಗಂಟೆಯಲ್ಲಿ ಫೋನ್ ಮಾಡಿದರು. "ಇಷ್ಟೇನಾ ಮೇಡಂ? ಇದಕ್ಕೆ ಮೂರು ದಿನ ಕಿತ್ತಾಡಿದ್ವಾ?" ನಗಲು ಇಬ್ಬರಿಗೂ ಆಗಲಿಲ್ಲ.

ಮುಖ್ಯವಾದದ್ದು ಇನ್ನೂ ಬಾಕಿ ಇತ್ತು. ಸೆಟ್ಟಿಂಗ್ ಇಲ್ಲವೇ ಇಲ್ಲ ಎನ್ನುವುದು ಒಂದು ಮಾತು. ಇದೆ, ಆದರೆ ನಿನಗೆ ತೋರಿಸುವುದಿಲ್ಲ ಎನ್ನುವುದು ಬೇರೆ ಮಾತು. ನನ್ನ ಪ್ರೋಗ್ರಾಮಿಗೆ ಎರಡೂ ಒಂದೇ ಆಗಿತ್ತು. ಅದನ್ನು ಬೇರೆ ಮಾಡಿದೆ. ಹೊಸದಾಗಿ ಹಾಕುವಾಗ ಸೆಟ್ಟಿಂಗ್ ಇಲ್ಲದಿದ್ದರೆ ಕೇಳಿ ಬರೆದುಕೊಳ್ಳಲಿ. ಇದ್ದೂ ಓದಲಾಗದಿದ್ದರೆ ಹಸಿರು ತೋರಿಸಬಾರದು. ಪರದೆ ಕೆಂಪಾಗಬೇಕು, ಗಂಟೆ ಹೊಡೆಯಬೇಕು, ಒತ್ತಿ ಮುಚ್ಚಲು ಓಕೆ ಇರಬಾರದು.

ಮಾಲೀಕರಿಗೆ ಇದು ಸರಿಬರಲಿಲ್ಲ. "ಕೆಂಪು ಬಂದ್ರೆ ನಮ್ಮ ಮಷೀನ್ ಕೆಟ್ಟಿದೆ ಅಂತ ಊರೆಲ್ಲ ಹೇಳ್ತಾರೆ. ಇಷ್ಟು ದಿನ ಸುಮ್ನೆ ಓಡ್ತಿತ್ತು."

"ಸುಮ್ನೆ ಓಡಿದ್ದೇ ತೊಂದ್ರೆ ಸರ್."

"ದಿನಕ್ಕೆ ಹತ್ತು ಫೋನ್ ಬರ್ತವೆ."

"ಬರ್ಲಿ. ನಾನೇ ಎತ್ತುತೀನಿ."

ಶನಿವಾರ ಮತ್ತೆ ಶ್ರೀನಿವಾಸಪುರ. ಹೊಸದನ್ನು ಹಾಕಿ, ಕೆಲಸದಾಕೆಯ ಕೈಯಲ್ಲೇ, ಕೇಂದ್ರದ ಸಾಮಾನ್ಯ ಲಾಗಿನ್‌ನಲ್ಲೇ ಶುರು ಮಾಡಿಸಿದೆ. ಓದಿತು. ಮಂಜು ಬಂತು. ಆಮೇಲೆ ಬೇಕೆಂದೇ ಒಂದು ಸೆಟ್ಟಿಂಗಿನ ಅನುಮತಿ ತೆಗೆದು ಮತ್ತೆ ಶುರು ಮಾಡಿಸಿದೆ. ಕೆಂಪು, ಗಂಟೆ. ಆಕೆ ಎರಡು ಹೆಜ್ಜೆ ಹಿಂದೆ ಹೋದರು. ನಾನು ಬರೆದಿದ್ದ ವಾಕ್ಯ ಹೀಗಿತ್ತು: "ಸೆಟ್ಟಿಂಗ್ ಓದಲು ಅನುಮತಿ ನಿರಾಕರಿಸಲಾಗಿದೆ."

"ಯಾರಿಗಮ್ಮಾ ಅನುಮತಿ ಇಲ್ದಿರೋದು? ನಂಗಾ?"

ಅಲ್ಲೇ ಕೂತು ವಾಕ್ಯ ಬದಲಾಯಿಸಿದೆ. ಆಕೆ ಪಕ್ಕದಲ್ಲಿ ನಿಂತು, ಇದು ಅರ್ಥ ಆಗಲ್ಲ, ಅದು ಬೇಡ ಎಂದು ಹೇಳುತ್ತಾ ಹೋದರು. ಕೊನೆಗೆ ನಿಂತದ್ದು ಇದು: "ಈ ಕೋಣೆಯ ಸೆಟ್ಟಿಂಗ್ ಪ್ರೋಗ್ರಾಮಿಗೆ ಓದಲು ಆಗುತ್ತಿಲ್ಲ. ಇದು ನಿಮ್ಮ ತಪ್ಪಲ್ಲ. ಮಂಜಿನ ಯಂತ್ರವನ್ನು ಕೈಯಿಂದ ಹಾಕಿ. ನಮಗೆ ಫೋನ್ ಮಾಡಿ." ಆಕೆ ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುವವರು. ಎರಡನೇ ವಾಕ್ಯಕ್ಕೆ ಬಂದು ನಿಂತು, ಅದನ್ನೇ ಇನ್ನೊಂದು ಸಲ ಓದಿದರು.

ಅದನ್ನು ತೆಗೆಸಲು ಮಾಲೀಕರು ಆಮೇಲೆ ಎರಡು ಸಲ ಹೇಳಿದರು, ಸಾಫ್ಟ್‌ವೇರಿನಲ್ಲಿ ಯಾರೂ ಹೀಗೆ ಬರೆಯುವುದಿಲ್ಲವೆಂದು. ನಾನು ತೆಗೆಯಲಿಲ್ಲ.

ಹುಳು ಒಯ್ಯಲು ರೈತರು ಬರುವುದು ಭಾನುವಾರ ಎಂದಿತ್ತು. ಯಜಮಾನಿ ಒಂದು ದಿನ ಮುಂದಕ್ಕೆ ಹಾಕಿದರು. ಸೋಮವಾರ ನಾನು ಹೋಗಬೇಕಾಗಿರಲಿಲ್ಲ, ಹೋದೆ. ಬಾಗಿಲ ಹತ್ತಿರದ ಒಂದು ಸ್ಟ್ಯಾಂಡಿನ ತಟ್ಟೆಗಳಲ್ಲಿ ಹುಳುಗಳು ಸಮನಾಗಿರಲಿಲ್ಲ. ಎರಡನೇ ಜ್ವರದಿಂದ ಎದ್ದವೂ ಇದ್ದವು, ಇನ್ನೂ ಕೂರದವೂ ಇದ್ದವು. ಯಜಮಾನಿ ಅವುಗಳನ್ನು ಯಾರಿಗೂ ಕೊಡುವುದಿಲ್ಲ ಎಂದರು. ಹಿತ್ತಲಿನಲ್ಲಿ ಗುಂಡಿ ತೋಡಿಸಿ ಸುಣ್ಣದ ಜೊತೆ ಹೂಳಿಸಿದರು. ಹಾಗಾಗಿ ಇಬ್ಬರು ರೈತರಿಗೆ ಹುಳು ಇರಲಿಲ್ಲ. ಒಬ್ಬರು ಬಂದ ದಾರಿಯಲ್ಲೇ ವಾಪಸ್ ಹೋದರು. ಇನ್ನೊಬ್ಬರು ಖಾಲಿ ತಟ್ಟೆಗಳನ್ನು ಆಟೋದಿಂದ ಇಳಿಸದೆ ನಿಂತರು.

"ಮನೆಯೆಲ್ಲ ತೊಳೆದು ಔಷಧಿ ಹೊಡ್ದು ಕೂತಿದೀನಿ. ತೋಟದಲ್ಲಿ ಸೊಪ್ಪು ಬಲಿತು ಹೋಗ್ತದೆ. ಏನಂತೆ ಕಾರಣ?"

"ಸಾಫ್ಟ್‌ವೇರ್ ತಪ್ಪಾಗಿತ್ತಂತೆ," ಎಂದರು ಯಜಮಾನಿ.

"ಯಾರಮ್ಮಾ ಅದು ಸಾಫ್ಟ್‌ವೇರು? ಅವ್ರಿಗೊಂದು ಮುಖ ಇರ್ಬೇಕಲ್ಲ."

"ನಾನೇ ಅಣ್ಣ," ಎಂದೆ. "ನಾನೇ ಬರೆದಿದ್ದು. ಓದಕ್ಕಾಗದಿದ್ದಾಗ ಸುಳ್ಳು ಹೇಳೋ ಹಾಗೆ ಬರೆದಿದ್ದೆ. ಈಗ ತಿದ್ದಿದೀನಿ."

ಅವರು ಬೈಯುತ್ತಾರೆಂದು ಕಾದೆ. "ತಿದ್ದಿದ್ದು ಸರಿ. ನನ್ನ ಸೊಪ್ಪು?" ಎಂದಷ್ಟೇ ಕೇಳಿ ಆಟೋ ಹತ್ತಿದರು. ಮುಂದಿನ ಸರದಿಯಲ್ಲಿ ಮೊದಲು ಅವರಿಗೇ ಕೊಟ್ಟೆನೆಂದು ಯಜಮಾನಿ ಆಮೇಲೆ ಹೇಳಿದರು. ಆ ಬೆಳೆಯ ಸೊಪ್ಪು ಮಾತ್ರ ಹೋದದ್ದು ಹೋಯಿತು.

ಟೇಕಲ್, ಮುಳಬಾಗಿಲಿನ ಕೇಂದ್ರಗಳಿಗೂ ಹೊಸದನ್ನು ಹಾಕಿದೆವು. ಹತ್ತು ಫೋನ್ ಬರಲಿಲ್ಲ. ಮೊದಲ ತಿಂಗಳು ಒಂದೂ ಬರಲಿಲ್ಲ. ಎರಡನೇ ತಿಂಗಳು ಒಂದು ಬೆಳಿಗ್ಗೆ ಶ್ರೀನಿವಾಸಪುರದಿಂದ ಕರೆ. ಯಜಮಾನಿಯಲ್ಲ, ಕೆಲಸದಾಕೆ. ಅವರು ನನಗೆ ಫೋನ್ ಮಾಡಿದ್ದು ಅದೇ ಮೊದಲು.

"ಕೆಂಪು ಬಂದೈತಮ್ಮಾ. ನಿನ್ನೆ ಮುಳಬಾಗಿಲಿನೋರು ಬಂದು ಬೇರೆ ಕಂಪ್ಯೂಟರ್ ಇಟ್ಟು ಹೋದ್ರು. ಬೆಳಿಗ್ಗೆ ಹಾಕಿದ್ರೆ ಹಿಂಗೆ."

ಹೊಸ ಕಂಪ್ಯೂಟರಿನಲ್ಲಿ ಸೆನ್ಸರ್ ಅಂಕಿ ಓದುವ ಆ ಒಂದು ಅನುಮತಿ ಕೊಡುವುದು ಅವರಿಗೆ ಬಿಟ್ಟುಹೋಗಿತ್ತು. ಐದು ನಿಮಿಷದ ಕೆಲಸ.

"ಹುಳು ಹೇಗಿವೆ?" ಎಂದೆ.

"ಹುಳುಗೇನು, ಚೆನ್ನಾಗವೆ. ಮಂಜು ಕೈಯಲ್ಲೇ ಹಾಕಿದೀನಿ. ಮುಳಬಾಗಿಲಿನೋರಿಗೂ ಫೋನ್ ಮಾಡಿ ಹೇಳಿದೀನಿ, ಮರ್ತು ಹೋಗಿದೀರ ಸರ್, ಬಂದು ಹಾಕ್ಕೊಡಿ ಅಂತ. ನೀವೂ ಒಂದು ಸಲ ನೋಡ್ಕೊಳ್ಳಿ."

ನಾನು ಇನ್ನೇನೋ ಕೇಳಲು ಹೋದೆ.

"ಸೊಪ್ಪು ಹಾಕೋ ಹೊತ್ತಾಯ್ತಮ್ಮಾ, ಇಡ್ತೀನಿ," ಎಂದು ಆಕೆ ಫೋನ್ ಇಟ್ಟುಬಿಟ್ಟರು.